ನಾಲ್ಕನೆಯ ಬೆರಳು

ಹೆಂಡತಿ ಬೆಳಗಿನ ಸವಾರಿ ಮುಗಿಸಿ ಬಂದಳು, ಸೈಕಲ್ಲನ್ನು ಗೋಡೆಗೆ ಒರಗಿಸಿದಳು, ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ, ಕಾಲ್ಚೀಲ ಎಳೆದು, ಎದ್ದು ಒಳಗೆ ಹೋದಳು. ಇಷ್ಟೇ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅವನಿಗೆ ಏನೋ ಒಂದು ಬಿಟ್ಟುಹೋಯಿತು ಅನ್ನಿಸಿತು; ಓದುತ್ತಿರುವ ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಬುದ್ಧಿಗಿಂತ ಮೊದಲು ಕಿವಿಗೆ ತಿಳಿಯುತ್ತದಲ್ಲ, ಹಾಗೆ. ಲೋಟ ಹಿಡಿದು ನಿಂತೇ ಇದ್ದ. ಬಿಟ್ಟುಹೋದದ್ದು ಏನೆಂದು ಹೊಳೆಯುವ ಹೊತ್ತಿಗೆ ಬಚ್ಚಲಲ್ಲಿ ನೀರು ಬೀಳುವ ಸದ್ದು ಶುರುವಾಗಿತ್ತು. ಅವಳು ಕಾಲು ಬಡಿಯಲಿಲ್ಲ. ಮದುವೆಯಾದಾಗಿನಿಂದ, ಅಂದರೆ ಹದಿನಾರು ವರ್ಷದಿಂದ, ಸವಾರಿ ಮುಗಿಸಿ ಬಂದವಳು ಎಡಗಾಲನ್ನು ಮೂರು ನಾಲ್ಕು ಸಲ ಮೆಟ್ಟಿಲಿಗೆ ತಟ್ಟಿ, ಕಿರುಬೆರಳ ಪಕ್ಕದ ಬೆರಳನ್ನು ಎರಡು ಬೆರಳಲ್ಲಿ ಹಿಡಿದು ಹಿಂಡುತ್ತಿದ್ದಳು. ಗಡಿಯಾರದ ಸದ್ದಿನಂತೆ ಆ ತಟ್ಟುವ ಸದ್ದೂ ಅವನಿಗೆ ಕೇಳಿಸುವುದು ನಿಂತುಹೋಗಿತ್ತು. ಈಗ ಅದು ಇಲ್ಲದ್ದು ಮಾತ್ರ ಕೇಳಿಸಿತು. ಯಾವಾಗ ನಿಂತಿತು? ಇವತ್ತೇ? ಹೋದ ವಾರ? ಒಂದು ತಿಂಗಳೇ ಆಯಿತೇ? ಕಾಲು ನೋಡುವುದನ್ನೇ ಕಸುಬು ಮಾಡಿಕೊಂಡವನಿಗೆ ತನ್ನ ಮೆಟ್ಟಿಲ ಮೇಲಿನ ಕಾಲಿನ ಸಂಗತಿ ಗೊತ್ತಿರಲಿಲ್ಲ.

ಬಾಗಿಲ ಪಕ್ಕದ ಗೂಡಿನಲ್ಲಿ ಅವಳ ಶೂಗಳಿದ್ದವು. ಅವನು ಮಾಡಿಕೊಟ್ಟವು ಆರು ಜೊತೆ, ಒಂದರ ಮೇಲೊಂದು. ಅವುಗಳ ಪಕ್ಕದಲ್ಲಿ, ಇನ್ನೂ ಬಿಸಿಯಾಗಿ, ಬಣ್ಣವಿಲ್ಲದ ಬೂದು ಜೊತೆಯೊಂದು. ಎತ್ತಿ ಮಗುಚಿದ. ನೋಡುವ ಅಗತ್ಯವೇ ಇರಲಿಲ್ಲ, ಹೆಬ್ಬೆರಳು ಒತ್ತಿದ ಕೂಡಲೇ ಯಾರ ಅಟ್ಟೆ ಎಂದು ತಿಳಿಯಿತು. ಬೆರಳುಗಳ ಬುಡದ ಹಿಂದೆ, ಒಳಗಡೆ, ಹುರುಳಿಕಾಳಿನ ಎತ್ತರದ ಒಂದು ಉಬ್ಬು. ಹೊರಗಡೆ, ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಕೂರಿಸಲು ಕೊರೆದ ಮೂರು ತೂತುಗಳು, ಅವನು ಕೊರೆಯುವ ಜಾಗಕ್ಕಿಂತ ಆರು ಮಿಲಿಮೀಟರ್ ಹಿಂದೆ. ಮರಿ ಮಾಡಿದ್ದು. ಹೆಂಡತಿಯ ತಮ್ಮ, ಆರಡಿ ಎರಡಂಗುಲ ಬೆಳೆದಿದ್ದರೂ ಮನೆಯಲ್ಲೂ ಕಾರ್ಖಾನೆಯಲ್ಲೂ ಎಲ್ಲರಿಗೂ ಮರಿಯೇ.

"ಇದ್ಯಾವಾಗ ಬಂತು?" ಎಂದು ಕೇಳಿದ, ಅವಳು ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ತಿಂಡಿಗೆ ಕೂತಾಗ.

"ಯಾವುದು? ಓ, ಅದಾ. ಮರಿ ಟ್ರಯಲ್‌ಗೆ ಅಂತ ಕೊಟ್ಟಿದ್ದ. ನಿಮಗೆ ಹೇಳ್ಲಿಲ್ವಾ?"

"ಹೇಳಿದ್ದ." ಹೇಳಿರಲಿಲ್ಲ. "ಹೇಗಿದೆ?"

"ಪರವಾಗಿಲ್ಲ." ಅವಳು ಬ್ರೆಡ್ಡಿನ ಅಂಚನ್ನು ಕಿತ್ತು ತಟ್ಟೆಯ ಬದಿಗಿಟ್ಟಳು. "ಅವನ ಕೈಲಿ ಎಷ್ಟಾಗುತ್ತೋ ಅಷ್ಟು."

ಲೈಬ್ರರಿಯ ಕೆಲಸಕ್ಕೆ ಹೊತ್ತಾಯಿತೆಂದು ಅವಳು ಎದ್ದು ಹೋದ ಮೇಲೂ ಆ 'ಪರವಾಗಿಲ್ಲ' ಮೇಜಿನ ಮೇಲೆ ಉಳಿದಿತ್ತು. ಅವನ ಶೂಗಳಿಗೆ ಅವಳು ಯಾವತ್ತೂ ಆ ಮಾತು ಆಡಿದವಳಲ್ಲ. ಅವನು ಕೇಳಿದಾಗಲೆಲ್ಲ 'ಸರಿಯಾಗಿದೆ' ಅನ್ನುತ್ತಿದ್ದಳು, ಎರಡನೆಯ ಸಲ ಕೇಳಿದರೆ 'ಚೆನ್ನಾಗೇ ಇದೆ ಅಂದ್ನಲ್ಲ' ಅನ್ನುತ್ತಿದ್ದಳು. ಲೆಕ್ಕಕ್ಕೆ ಅವನೇ ಗೆದ್ದಂತಾಯಿತು. ಆದರೆ ಬಸ್ಸಿನಲ್ಲಿ ನಿಂತು ಸರಳು ಹಿಡಿದು ಹೋಗುವಾಗ, ಪಕ್ಕದವನ ಚೀಲ ಮೊಣಕಾಲಿಗೆ ತಾಗುತ್ತಿರುವಾಗ, ಅವನಿಗೆ ಹೊಳೆಯಿತು: ಅವಳು ತಮ್ಮನ ಕೆಲಸವನ್ನು ಕಡಿಮೆ ಮಾಡಿ ಹೇಳಿದ್ದು ತನಗೆ ಉಪಚಾರಕ್ಕೆ. ರೋಗಿಯ ಮುಂದೆ ಬೇರೆಯವರ ಆರೋಗ್ಯದ ಮಾತು ಎತ್ತಬಾರದೆಂದು ಸುಮ್ಮನಾಗುತ್ತಾರಲ್ಲ, ಹಾಗೆ.

ಕಾರ್ಖಾನೆಯಲ್ಲಿ ಅವನ ಕೋಣೆಯ ಗೋಡೆ ತುಂಬ ಶೂಗಳಿಗೆ ರೂಪ ಕೊಡುವ ಮರದ ಕಾಲುಗಳು. ಅಳತೆಗೊಂದು ಜೊತೆಯಂತೆ ಮೊಳೆಗೆ ನೇತುಹಾಕಿದವು, ಬೆರಳಿಲ್ಲದೆ, ನುಣ್ಣಗೆ, ಹಿಮ್ಮಡಿಯಲ್ಲಿ ತೂತು. ಇವುಗಳೆಲ್ಲದರ ಮೂಲ ಒಂದೇ ಕಾಲು. ಆಗ ಅವನು ಇನ್ನೂ ಕೆಲಸಕ್ಕೆ ಹೊಸಬ, ದೂರದ ಸವಾರಿಯ ತಂಡದ ಹುಡುಗಿಯೊಬ್ಬಳು ಶೂ ಮಾಡಿಸಿಕೊಳ್ಳಲು ಬಂದಿದ್ದಳು. ಅವಳ ಅಂಗಾಲಿಗೆ ಗಿಲಾವಿನ ಹಿಟ್ಟು ಮೆತ್ತಿ ಅಚ್ಚು ತೆಗೆಯುವಾಗ ಕಚಗುಳಿ ತಡೆಯಲಾರದೆ ಅವಳು ಕುರ್ಚಿಯ ಕೈ ಹಿಡಿದು ನಕ್ಕಿದ್ದಳು, ಅಚ್ಚು ಕೆಟ್ಟು ಮತ್ತೆ ತೆಗೆಯಬೇಕಾಯಿತು, ಮತ್ತೆ ಕೆಟ್ಟಿತು. ಮೂರನೆಯದು ಕೂಡಿಬಂತು. ಅಷ್ಟು ಹೊತ್ತಿಗೆ ಮದುವೆಯೂ ಹೆಚ್ಚುಕಡಿಮೆ ಕೂಡಿಬಂದಿತ್ತು. ಆ ಅಚ್ಚಿನಿಂದಲೇ ಮೊದಲ ಮರದ ಕಾಲು ಕೆತ್ತಿದ. ದೊಡ್ಡದು ಮಾಡಿದ, ಚಿಕ್ಕದು ಮಾಡಿದ, ಅಗಲಿಸಿದ. ಕ್ಲೀಟಿನ ತೂತು ಎಲ್ಲಿರಬೇಕೆಂದು ನಿಶ್ಚಯವಾದದ್ದೂ ಅವಳ ಮಾತಿನ ಮೇಲೆಯೇ. ಮುಂದೆ ಮುಂದೆ ಸರಿಸುತ್ತ ಹೋದ, ತುಳಿತಕ್ಕೆ ಬಲ ಬರಲಿ ಎಂದು. ಪ್ರತಿ ಸಲವೂ ಅವಳು ಸುತ್ತಿ ಬಂದು 'ಸರಿಯಾಗಿದೆ' ಅಂದಳು. ಎಲ್ಲಿಯವರೆಗೆ ಸರಿಯೋ ಅಲ್ಲಿ ನಿಲ್ಲಿಸಿದ. ಸವಾರರಿಂದ ಆಗಾಗ ಕಾಗದಗಳು ಬರುತ್ತಿದ್ದವು, ಬೆರಳು ಜೋಮು ಹಿಡಿಯುತ್ತದೆ ಎಂದು. ಅದಕ್ಕೂ ಅವನೇ ಒಂದು ವಾಕ್ಯ ಬರೆದು ಡಬ್ಬಿಯೊಳಗಿನ ಚೀಟಿಯಲ್ಲಿ ಅಚ್ಚು ಹಾಕಿಸಿದ್ದ: 'ಮೊದಲ ಕೆಲವು ವಾರ ಜೋಮು ಸಹಜ.' ಮನೆಯಲ್ಲಿ ಮೆಟ್ಟಿಲ ಮೇಲೆ ಕಾಲು ತಟ್ಟುವವಳಿಗೂ ಒಮ್ಮೆ ಹೇಳಿದ್ದ, "ನಿನ್ನ ಕಾಲಿನ ರಕ್ತ ಓಡಾಟವೇ ಹಾಗೆ, ನಿಮ್ಮ ವಂಶದ ನರ ವೀಕು" ಎಂದು. ಅವಳು ಹೌದಿರಬೇಕು ಅಂದಿದ್ದಳು. ಮರಿಯೂ ಅದೇ ವಂಶ. ಆಗ ಅಲ್ಲೇ ನೆಲದ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ, ತಲೆ ಎತ್ತಿ ಅಕ್ಕನ ಕಾಲು ನೋಡಿದ್ದ.

ಆ ಮರಿಯನ್ನು ಕೆಲಸಕ್ಕೆ ಸೇರಿಸಿದವನು ಅವನೇ. ಉಳಿ ಹಿಡಿಯುವುದು, ರಾಳದ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಲೆಯಲ್ಲಿ ಗಟ್ಟಿ ಮಾಡುವುದು, ಎಲ್ಲ ಕಲಿಸಿದ. ಮರಿ ಎಲ್ಲ ಕಲಿತು ಒಂದು ದಿನ ಅಂಗಳದಲ್ಲಿ ಸ್ಟ್ಯಾಂಡಿಗೆ ಸೈಕಲ್ ಬಿಗಿದು, ಅಟ್ಟೆಯೊಳಗೆ ಕಾಗದದಷ್ಟು ತೆಳ್ಳಗಿನ ಹಾಳೆಯಿಟ್ಟು, ತುಳಿಯುವಾಗ ಎಲ್ಲಿ ಒತ್ತುತ್ತದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ತೋರಿಸಿದ. ಹೋದ ವಾರ ಕಾರ್ಖಾನೆಯ ಒಡತಿ ಮೇಡಂ ಎಲ್ಲರನ್ನೂ ಸೇರಿಸಿ ಹೇಳಿದರು: "ಇಷ್ಟು ದಿನ ನಾವು ನಿಂತ ಕಾಲಿಗೆ ಶೂ ಮಾಡ್ತಿದ್ವಿ. ಮರಿ ತುಳಿಯೋ ಕಾಲಿಗೆ ಮಾಡಿದಾನೆ." ಹೊಲಿಗೆ ವಿಭಾಗದವರೆಲ್ಲ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಕೊನೆಗೆ ನಿಲ್ಲಿಸಿದವನು ತಾನೇ ಆಗಿರಬೇಕೆಂದು ಎಚ್ಚರವಹಿಸಿ, ಉಳಿದವರೆಲ್ಲ ನಿಲ್ಲಿಸಿದ ಮೇಲೂ ಎರಡು ಸಲ ತಟ್ಟಿದ. ಆ ಎರಡು ತಟ್ಟುಗಳು ಖಾಲಿ ಕೋಣೆಯಲ್ಲಿ ಬಿದ್ದಂತೆ ಬಿದ್ದವು. ಹೊಲಿಗೆಯ ಹಿರಿಯಾಕೆ ತಿರುಗಿ ನೋಡಿ, "ಭಾವನಿಗೆ ಖುಷಿ ಜಾಸ್ತಿ ಆಗಿದೆ ನೋಡ್ರೇ" ಅಂದಳು. ಎಲ್ಲರೂ ನಕ್ಕರು. ಅವನೂ ನಕ್ಕ.

ಈಗ ಮರಿಯ ನಕ್ಷೆ ಅವನ ಮೇಜಿನ ಮೇಲಿತ್ತು. ಕಾರ್ಖಾನೆಯ ಪದ್ಧತಿ ಅದು: ಯಾರೇ ಬರೆದ ಅಟ್ಟೆಯಾದರೂ ಅವನ ಕೆಂಪು ಪೆನ್ಸಿಲ್ಲಿನ ಸಹಿ ಬೀಳದೆ ಉಕ್ಕಿನ ಅಚ್ಚಿಗೆ ಹೋಗುವಂತಿಲ್ಲ. ಕೆಂಪು ಪೆನ್ಸಿಲ್ ಏನು ತಿದ್ದಿತೋ ಅದೇ ಕೊನೆ, ಕಾರಣ ಬರೆಯಬೇಕಿಲ್ಲ, ಯಾರೂ ಕೇಳುವುದಿಲ್ಲ. ಉಕ್ಕು ಒಮ್ಮೆ ಕೊರೆದರೆ ಕೊರೆದ ಹಾಗೆ. ಮುಂದಿನ ಏಳೆಂಟು ವರ್ಷ ಹೊರಬೀಳುವ ಅಷ್ಟೂ ಅಟ್ಟೆ ಆ ಅಚ್ಚಿನದೇ. ಸಹಿ ಮಾಡುವ ಮೊದಲು ಅವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಳ್ಳುವುದಿತ್ತು, ತಂದೆಯಿಂದ ಬಂದ ಅಭ್ಯಾಸ, ಯಾವ ಕೆಲಸಕ್ಕೂ ಮೊದಲು ದೇವರಿಗೆ ಒಂದು ಮಾತು: ಇದನ್ನು ತೊಟ್ಟವರ ಕಾಲಿಗೆ ನೋವಾಗದಿರಲಿ. ಇವತ್ತು ಕಣ್ಣು ಮುಚ್ಚಿದ. ದೇವರೇ, ಇದರಲ್ಲೊಂದು ತಪ್ಪು ಸಿಗಲಿ. ಮಾತು ಹೊರಟುಹೋದ ಮೇಲೆ ಅದನ್ನು ತಾನೇ ಆಡಿದ್ದೆಂದು ತಿಳಿದು ಕಣ್ಣು ಬಿಟ್ಟ. ಎದುರಿಗೆ ಮರದ ಕಾಲುಗಳು ಸುಮ್ಮನೆ ನೇತಾಡುತ್ತಿದ್ದವು.

ನಕ್ಷೆಯ ಜೊತೆಗೆ ಪರೀಕ್ಷೆಯ ಹಾಳೆಗಳಿದ್ದವು. ಐದು ಜನ ಸವಾರರು, ಹೆಸರಿಲ್ಲ, ಬರೀ ಸಂಖ್ಯೆ. ಮೊದಲಿಬ್ಬರನ್ನು ಓದದೆ ತಿರುವಿದ. ಮೂರನೆಯ ಹಾಳೆಯಲ್ಲಿ ಕೈ ನಿಂತಿತು. ಹೆಂಗಸು. ಎಡ ಅಂಗಾಲು ಬಲಕ್ಕಿಂತ ಮೂರು ಮಿಲಿ ಉದ್ದ. ಎರಡನೆಯ ಬೆರಳು ಹೆಬ್ಬೆರಳಿಗಿಂತ ಮುಂದೆ. ಹಿಮ್ಮಡಿಯ ಒಳಬದಿಗೆ ಹಳೆಯ ಹೊಲಿಗೆ ಗುರುತು. ಇಷ್ಟು ಓದುವಾಗಲೇ ಮೈ ಬಿಸಿಯಾಯಿತು, ಯಾರದೋ ಮನೆಯ ಕಿಟಕಿಯಲ್ಲಿ ತನ್ನ ಹಾಸಿಗೆ ಕಂಡವನಂತೆ. ಕೆಳಗೆ, ಮರಿಯ ದುಂಡನೆಯ ಅಕ್ಷರದಲ್ಲಿ, ಸವಾರರ ಮಾತನ್ನು ಅವರ ಮಾತಲ್ಲೇ ಬರೆಯುವ ಕಾಲಂ. 'ಹಳೇ ಅಟ್ಟೆ: ಇಪ್ಪತ್ತು ನಿಮಿಷ ಆದ್ಮೇಲೆ ಶುರು. ಮೊದಲು ಬೆಂಕಿ ಇಟ್ಟ ಹಾಗೆ. ಆಮೇಲೆ ಆ ಬೆರಳೇ ಇಲ್ಲ. ಬೇರೆ ಯಾರದ್ದೋ ಬೆರಳನ್ನ ನನ್ನ ಕಾಲಿಗೆ ಅಂಟಿಸಿದ ಹಾಗೆ. ಇಳಿಜಾರಲ್ಲಿ ಒಂದೊಂದ್ಸಲ ಕಾಲು ಪೆಡಲ್ ಮೇಲೆ ಇದೆಯೋ ಇಲ್ವೋ ಗೊತ್ತಾಗಲ್ಲ, ಬಗ್ಗಿ ನೋಡ್ಕೋತೀನಿ. ಎಷ್ಟು ವರ್ಷದಿಂದ? ಮೊದಲಿಂದ.'

ಮತ್ತೆ ಓದಿದ. ಬೇರೆ ಯಾರದ್ದೋ ಬೆರಳನ್ನ ಅಂಟಿಸಿದ ಹಾಗೆ. ಹದಿನಾರು ವರ್ಷ ಒಂದೇ ದೀಪದ ಕೆಳಗೆ ಊಟ ಮಾಡಿದವಳು ಇಂಥ ಮಾತು ಆಡಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಅಟ್ಟೆ ಕೆಟ್ಟದ್ದು ಎಂಬುದು ಆ ಹೊತ್ತಿಗೆ ಅಷ್ಟಾಗಿ ಚುಚ್ಚಲಿಲ್ಲ. ಆ ಮಾತು, ಅಂಥ ಮಾತು, ತಮ್ಮನ ಹಾಳೆಯಲ್ಲಿ ಇದೆ, ತನ್ನ ಕಿವಿಯಲ್ಲಿಲ್ಲ. ಎಲ್ಲಿ ಕೂತು ಹೇಳಿದಳು? ಅಂಗಳದ ಸ್ಟ್ಯಾಂಡಿನ ಮೇಲೆ ಬೆವರು ಒರೆಸಿಕೊಳ್ಳುತ್ತ? ಮರಿ ನಕ್ಕನೇ? ಬರೆದುಕೊಳ್ಳುತ್ತ 'ಇನ್ನೊಂದ್ಸಲ ಹೇಳಕ್ಕಾ' ಅಂದನೇ? ಅವಳು ಮತ್ತೊಮ್ಮೆ, ತಡೆದು ತಡೆದು, ಸರಿಯಾದ ಪದ ಹುಡುಕಿ ಹೇಳಿದಳೇ? ಅವನ ತಂದೆ ಮುಸ್ಸಂಜೆ ಹೊತ್ತು ಗಟ್ಟಿಯಾಗಿ ಪದ್ಯ ಓದುತ್ತಿದ್ದರು. ಚರಣದ ಕೊನೆಗೆ ನಿಲ್ಲುವರು, ಅಮ್ಮ ಒಳಗಿನಿಂದ 'ಹೂಂ' ಅನ್ನುವಳು, ಮುಂದಿನ ಚರಣ. ಆ 'ಹೂಂ' ಬೀಳದಿದ್ದರೆ ತಂದೆಗೆ ನಾಲಿಗೆ ಏಳುತ್ತಿರಲಿಲ್ಲ. ಚಿಕ್ಕವನಾಗಿದ್ದಾಗ ಒಂದು ದಿನ ಎದ್ದು ಒಳಗೆ ಹೋಗಿ ನೋಡಿದ್ದ: ಅಮ್ಮ ಗೋಡೆಗೊರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು, ಚರಣ ಮುಗಿದಾಗ ನಿದ್ದೆಯಲ್ಲೇ 'ಹೂಂ' ಅಂದಳು. ಹೊರಗೆ ತಂದೆಯ ಧ್ವನಿ ತೃಪ್ತಿಯಿಂದ ಮೇಲೇರಿತು. ಅವನು ಯಾರಿಗೂ ಹೇಳಲಿಲ್ಲ. ಈಗ ಕೆಂಪು ಪೆನ್ಸಿಲ್ ಕೈಯಲ್ಲಿತ್ತು. ಮೂರು ತೂತುಗಳಿಗೂ ಗೀಟು ಹಾಕಿ, ಅವುಗಳ ಮುಂದೆ ಆರು ಮಿಲಿಮೀಟರಿಗೆ ಹೊಸ ಮೂರು ತೂತು ಬರೆದ. ಗೀಟು ನೇರವಾಗಿ ಬಂದಿತ್ತು. ಹಳೆಯ ಗಿರಾಕಿಗಳ ತುಳಿತ ತಪ್ಪಬಾರದು. ಬೆಟ್ಟ ಹತ್ತುವವರಿಗೆ ಮುಂಗಾಲಿನ ಬಲ ಬೇಕು. ಹೀಗೆ ಕಾರಣಗಳೂ ತಾವಾಗಿ ಬಂದು ಸಾಲಾಗಿ ನಿಂತವು. ಯಾರೂ ಕೇಳದ ಕಾರಣಗಳು. ಸಹಿ ಹಾಕಿದ.

ಮಧ್ಯಾಹ್ನ ಮರಿ ಊಟದ ಡಬ್ಬಿ ಹಿಡಿದು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. "ಭಾವ, ನೋಡಿದ್ರಾ? ನೀವು ನೋಡಿಲ್ಲ ಅಂದ್ರೆ ನನಗೆ ಊಟ ಸೇರಲ್ಲ."

"ಡಬ್ಬಿ ಖಾಲಿ ಇದ್ದ ಹಾಗಿದೆ."

"ಅದು ಹೆದರಿಕೆಗೆ ತಿಂದಿದ್ದು." ನಕ್ಷೆಯ ಮೇಲೆ ಬಗ್ಗಿದ. ಮರಿಯ ಮುಖದಲ್ಲಿ ಏನಾಗುತ್ತದೆಂದು ಅವನು ನೋಡಿದ. ನೋಡಬೇಕೆಂದೇ ಇಷ್ಟು ಹೊತ್ತು ಕಾದಿದ್ದ. ಮರಿ ಸ್ವಲ್ಪ ಹೊತ್ತು ಕೆಂಪು ಗೀಟುಗಳನ್ನೇ ನೋಡಿದ. ಕತ್ತು ಕೆರೆದುಕೊಂಡ. "ತೂತು ಮುಂದೆ ಹಾಕಿದೀರಿ."

"ಹೂಂ."

"ಆರು ಮಿಲಿ. ಜಾಸ್ತಿ ಆಗಲ್ವಾ ಭಾವ? ಒಳಗಡೆ ಉಬ್ಬು ಇದೆಯಲ್ಲ, ಅದಕ್ಕೂ ಇದಕ್ಕೂ ಮಧ್ಯೆ ನರ ಸಿಕ್ಕಿಹಾಕ್ಕೊಳ್ಳುತ್ತೆ ಅಂತ..."

"ನೀನು ಈ ಕೆಲಸಕ್ಕೆ ಬಂದು ಎಷ್ಟು ವರ್ಷ ಆಯ್ತು?"

ಹೊರಗೆ ಹೊಲಿಗೆ ಯಂತ್ರಗಳು ಊಟಕ್ಕೆ ನಿಂತಿದ್ದವು. "ಐದು," ಅಂದ ಮರಿ. ಆಮೇಲೆ ನಕ್ಷೆಯನ್ನು ಮಡಿಸಿ ಜೋಪಾನವಾಗಿ ಮೇಜಿನ ಅಂಚಿಗೆ ಸರಿಸಿ, "ನೀವು ಹಾಕಿದ್ದೀರಿ ಅಂದ್ರೆ ನನಗೆ ಕಾಣದ್ದು ಏನೋ ಕಂಡಿರುತ್ತೆ ನಿಮಗೆ" ಎಂದ. ವ್ಯಂಗ್ಯವಿದೆಯೇ ಎಂದು ಅವನು ಆ ಮಾತನ್ನು ತಿರುವಿ ಮುರುವಿ ನೋಡಿದ. ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಬಗ್ಗಿ ಹೊರಗೆ ಹೋಗುವಾಗ ಮರಿಯ ತಲೆ ಬಾಗಿಲ ಮೇಲ್ಪಟ್ಟಿಗೆ ಬಡಿಯಿತು. ಐದು ವರ್ಷದಲ್ಲಿ ಮೊದಲ ಸಲ.

ಅಚ್ಚು ಕೊರೆಯುವವನು ಅಂಗಳದ ಆಚೆ, ಕಬ್ಬಿಣದ ಪುಡಿಯ ವಾಸನೆಯ ತಗಡಿನ ಮನೆಯಲ್ಲಿದ್ದ. ಅವನಷ್ಟೇ ಹಳಬ, ಬಾಯಿ ಸುಮ್ಮನಿರದವನು. ನಕ್ಷೆ ಬಿಡಿಸಿ ಕನ್ನಡಕ ಹಣೆಗೇರಿಸಿ ನೋಡಿ, "ಮಗು ಮರೀದು, ಮೂಗು ಮಾತ್ರ ಭಾವಂದು" ಎಂದ. "ಯಂತ್ರಕ್ಕೆ ಈಗಲೇ ಹೇಳಿಬಿಡ್ತೀನಿ. ಬೆಳಿಗ್ಗೆ ಆರಕ್ಕೆ ಕೊರೆಯೋಕೆ ಶುರು." ಅವನು ತಲೆಯಾಡಿಸಿ ತನ್ನ ಕೋಣೆಗೆ ಬಂದು, ಮರಿಯ ಮಾದರಿ ಜೊತೆಯೊಂದನ್ನು ಕಪಾಟಿನಿಂದ ತೆಗೆದು, ಹೊಸ ಜಾಗದಲ್ಲಿ ತಾನೇ ಮೂರು ಮೂರು ತೂತು ಕೊರೆದು ಕ್ಲೀಟ್ ಬಿಗಿದ. ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಯಾಕೆಂದು ಕೇಳಿದ್ದರೆ ಪರೀಕ್ಷೆಗೆ ಅನ್ನುತ್ತಿದ್ದ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ತೊಡೆಯ ಮೇಲಿನ ಚೀಲ ಹಿತವಾದ ಭಾರವಾಗಿತ್ತು, ಯಾರಿಗೋ ಉಡುಗೊರೆ ಒಯ್ಯುವವನ ಹಾಗೆ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ.

ಹೆಂಡತಿ ಲೈಬ್ರರಿಯಿಂದ ಬಂದು ಕಿಟಕಿ ತೆರೆಯುತ್ತಿದ್ದಳು. ಇನ್ನೂ ಬೆಳಕಿತ್ತು. "ಒಂದು ಅರ್ಧ ಗಂಟೆ ಸುತ್ತಿ ಬರ್ತೀಯಾ?" ಎಂದು ಪೊಟ್ಟಣ ಬಿಚ್ಚಿದ. "ನಾಳೆ ಅಚ್ಚಿಗೆ ಹೋಗೋದು. ಕೊನೇ ಸಲ ನೋಡಬೇಕು."

ಅವಳು ಶೂ ಮಗುಚಿ ನೋಡಿದಳು. "ಮರೀದೇ ಅಲ್ವಾ?"

"ನಾನು ಸ್ವಲ್ಪ ತಿದ್ದಿದೀನಿ."

ಅವಳು ಅವನ ಮುಖ ನೋಡಿದಳು, ಒಂದು ಕ್ಷಣ ಜಾಸ್ತಿಯೇ. "ಆಯ್ತು," ಅಂದಳು.

ಅವಳು ರಸ್ತೆಯ ತಿರುವು ದಾಟಿದ ಮೇಲೆ ಅವನು ಮೆಟ್ಟಿಲ ಮೇಲೆ, ಅವಳು ಕೂರುವ ಜಾಗದಲ್ಲಿ ಕೂತ. ಎದುರುಮನೆಯ ಮುದುಕ ಗಿಡಗಳಿಗೆ ನೀರು ಹಾಕುತ್ತಿದ್ದ. ಈಗ ಸೇತುವೆ ದಾಟಿರಬೇಕು. ಈಗ ಶಾಲೆಯ ಗೋಡೆ. ಇಪ್ಪತ್ತನೆಯ ನಿಮಿಷ ಬರುತ್ತಿದ್ದಂತೆ ಅವನ ಸ್ವಂತ ಕಾಲು ಶೂವಿನೊಳಗೆ ಬಿಗಿಯಿತು. ಏನು ಬೇಕಾಗಿದೆ ತನಗೆ? ಜೋಮು ಹಿಡಿಯದಿದ್ದರೆ ತನ್ನದೇ ಸರಿ ಎಂದಾಯಿತು, ಮರಿಯ ಬಣ್ಣದ ಹಾಳೆ ಆಟಿಕೆ. ಜೋಮು ಹಿಡಿದರೆ, ಹಿಡಿದದ್ದನ್ನು ಅವಳು ಬಂದು ತನಗೆ ಹೇಳಿದರೆ, ಆ ಮಾತಿನಲ್ಲಿ, ಬೆಂಕಿಯ ಮಾತಿನಲ್ಲಿ, ಅಂಟಿಸಿದ ಬೆರಳಿನ ಮಾತಿನಲ್ಲಿ ಹೇಳಿದರೆ. ಅವಳಿಗೆ ನೋವಾಗಲಿ ಎಂದು ತಾನು ಕೂತಲ್ಲೇ ಬಯಸುತ್ತಿದ್ದೇನೆ ಎಂದು ತಿಳಿದು ಅವನು ಎದ್ದು ನಿಂತ, ಮತ್ತೆ ಕೂತ. ಮುದುಕ ಕೈಯೆತ್ತಿ "ಮನೆಯವರು ಹೊರಗೆ ಹಾಕಿದ್ರಾ?" ಎಂದು ಕೇಳಿದ. "ಹಾಗೇ ಅಂದ್ಕೊಳ್ಳಿ" ಎಂದ.

ಮೂವತ್ತೈದು ನಿಮಿಷಕ್ಕೆ ಅವಳು ಬಂದಳು. ಇಳಿಯುವಾಗ ಎಡಗಾಲನ್ನು ಪೆಡಲಿನಿಂದ ಕೀಳಲು ತಡವಾಯಿತು; ನೆಲಕ್ಕಿಟ್ಟ ಕಾಲನ್ನು, ಇದೆಯೋ ಇಲ್ಲವೋ ಎಂಬಂತೆ, ಬಗ್ಗಿ ನೋಡಿಕೊಂಡಳು.

"ಹೇಗಿದೆ?"

"ಸರಿಯಾಗಿದೆ."

"ನಿಜ ಹೇಳು."

"ಸರಿಯಾಗಿದೆ ಅಂದ್ನಲ್ಲ. ಅದಕ್ಕಿಂತ ಚೆನ್ನಾಗಿದೆ, ಮರೀದಕ್ಕಿಂತ."

ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನು ಒಂದು ಮೆಟ್ಟಿಲು ಕೆಳಗೆ ಕೂತು, ಎಡಗಾಲಿನ ಶೂ ಬಿಚ್ಚಿದ, ಕಾಲ್ಚೀಲ ತೆಗೆದ. ಪಾದವನ್ನು ತೊಡೆಯ ಮೇಲಿಟ್ಟುಕೊಂಡ. ಕೊನೆಯ ಎರಡು ಬೆರಳು ಮೇಣದ ಬಣ್ಣಕ್ಕೆ ತಿರುಗಿದ್ದವು. "ಕಣ್ಣು ಮುಚ್ಚು," ಎಂದ. "ಯಾವ ಬೆರಳು ಮುಟ್ತಿದೀನಿ ಹೇಳು. ಕೆಲಸದ್ದು ಇದು, ಪರೀಕ್ಷೆ."

ಅವಳು ನಕ್ಕು ಕಣ್ಣು ಮುಚ್ಚಿದಳು. ಹೆಬ್ಬೆರಳು ಮುಟ್ಟಿದ. "ಹೆಬ್ಬೆರಳು." ಎರಡನೆಯದು. "ಅದರ ಪಕ್ಕದ್ದು." ನಾಲ್ಕನೆಯದನ್ನು ಮುಟ್ಟಿದ, ಒತ್ತಿದ, ಉಗುರಿನಿಂದ ಚಿವುಟಿದ. ಅವಳು ಸ್ವಲ್ಪ ತಡೆದಳು. "ಮಧ್ಯದ್ದು?" ಅವನು ಕೈ ತೆಗೆದು ತನ್ನ ಮೊಣಕಾಲ ಮೇಲಿಟ್ಟುಕೊಂಡ. ಏನೂ ಮುಟ್ಟಲಿಲ್ಲ. ಸುಮ್ಮನೆ ಅವಳ ಮುಖ ನೋಡುತ್ತಿದ್ದ. ಮುಚ್ಚಿದ ರೆಪ್ಪೆಗಳ ಹಿಂದೆ ಅವಳು ಹುಡುಕುತ್ತಿದ್ದಳು, ಪಾಠ ಬಾರದ ಮಗು ಮೇಷ್ಟರ ಮುಂದೆ ಹುಡುಕುವಂತೆ. ಆಮೇಲೆ ಆ ಮುಖದಲ್ಲಿ ಒಂದು ಮೃದುವಾದ ನಿಶ್ಚಯ ಬಂತು.

"ಈಗ ನಾಲ್ಕನೇದು," ಎಂದಳು. "ಚೆನ್ನಾಗಿ ಗೊತ್ತಾಗ್ತಿದೆ."

ಎಷ್ಟು ಹೊತ್ತಾದರೂ ಮುಂದಿನ ಮುಟ್ಟುವಿಕೆ ಬಾರದಿದ್ದಾಗ ಅವಳು ಕಣ್ಣು ಬಿಟ್ಟಳು. ಮೊದಲು ತನ್ನ ಕಾಲು ನೋಡಿದಳು, ಆಮೇಲೆ ಅವನ ಮೊಣಕಾಲ ಮೇಲಿದ್ದ ಎರಡು ಕೈ. ಎದುರುಮನೆಯ ಮುದುಕ ನಲ್ಲಿ ನಿಲ್ಲಿಸಿ ಒಳಗೆ ಹೋಗಿದ್ದ. ಗೋಡೆ ತುಂಬ ನೇತಾಡುವ ಕಾಲುಗಳು, ಡಬ್ಬಿಗಳು, ಡಬ್ಬಿಯೊಳಗಿನ ಚೀಟಿ, ಇಳಿಜಾರಿನಲ್ಲಿ ಬಗ್ಗಿ ನೋಡಿಕೊಳ್ಳುವ ಗುರುತಿಲ್ಲದ ಎಷ್ಟೋ ಜನ, ಎಲ್ಲವೂ ಈ ಒಂದು ಮೆಟ್ಟಿಲಿನ ಮೇಲೆ ನಿಂತಿತ್ತು.

"ಮೊದಲಿಂದಲೂ?" ಎಂದ.

ಅವಳು ಕಾಲನ್ನು ಅವನ ತೊಡೆಯ ಮೇಲಿಂದ ಎಳೆದುಕೊಂಡಳು.

"ಅವನಿಗೆ ಹೇಳಿದೀಯಾ. ಬರೆದಿದಾನೆ. ಓದಿದೆ."

"ಅವನು ಕಾಲು ನೋಡ್ಕೊಂಡು ಕೇಳ್ದ," ಎಂದಳು, ತುಂಬ ಮೆಲ್ಲಗೆ. "ನೀವು ಕೇಳೋವಾಗ ನನ್ನ ಮುಖ ನೋಡ್ತೀರಿ. ಆ ಮುಖ ನೋಡ್ಕೊಂಡು ನಾನೇನು ಹೇಳ್ಲಿ?"

ಅವನು ಎದ್ದು ಒಳಗೆ ಹೋಗಿ ಅಚ್ಚು ಕೊರೆಯುವವನಿಗೆ ಫೋನ್ ಮಾಡಿದ. ಫೋನಿನ ಮಾತು ಸರಿಯಾಗಿ ಕೇಳಿಸಲೆಂದು ಬಾಗಿಲ ಬಳಿಯೇ ಬಂದು ನಿಂತ, ಅಥವಾ ಅವಳಿಗೆ ಕೇಳಿಸಲೆಂದು. ಮರಿಯ ತೂತುಗಳೇ ಇರಲಿ, ತನ್ನ ತಿದ್ದುಪಡಿ ಬೇಡ, ಎಂದ. "ನೀವೇ ಮಾತಾಡ್ತಿರೋದಾ, ಇಲ್ಲ ನಿಮ್ಮ ದನಿಯಲ್ಲಿ ಬೇರೆ ಯಾರಾದರೂನಾ?" ಎಂದ ಆ ಕಡೆಯವನು. "ಇಷ್ಟು ವರ್ಷದಲ್ಲಿ ಕೆಂಪು ಪೆನ್ಸಿಲ್ ವಾಪಸ್ ಹೋಗಿದ್ದು ನಾನು ನೋಡಿಲ್ಲ. ಫೋನಲ್ಲೆಲ್ಲ ಆಗಲ್ಲ ಸ್ವಾಮಿ. ಬೆಳಿಗ್ಗೆ ಆರರೊಳಗೆ ಬನ್ನಿ, ನಿಮ್ಮ ಕೈಯಾರೆ ಅಳಿಸಿ. ಮರೀನೂ ಕರ್ಕೊಂಡು ಬನ್ನಿ, ಅಳಿಸಿದ ಜಾಗದಲ್ಲಿ ಅವನ ಸಹಿ ಬೇಕಾಗುತ್ತೆ."

ಮರಿಯ ನಂಬರ್ ಒತ್ತಲು ಹೆಚ್ಚು ಹೊತ್ತು ಹಿಡಿಯಿತು. ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು.

"ಭಾವ?"

"ಬೆಳಿಗ್ಗೆ ಆರಕ್ಕೆ ಮುಂಚೆ ಬಂದುಬಿಡು. ತೂತು ನಿನ್ನ ಜಾಗದಲ್ಲೇ ಇರಲಿ. ಸಹಿ ಬೇಕಂತೆ ನಿಂದು."

"ಯಾಕೆ ಭಾವ, ಏನಾಯ್ತು?"

"ನಿನ್ನಕ್ಕ ಹಾಕ್ಕೊಂಡು ನೋಡಿದಳು. ಜೋಮು ಹಿಡೀತು."

ಮರಿ ನಂಬಲಾರದವನಂತೆ, ಖುಷಿಯನ್ನು ಅದುಮಿಕೊಂಡವನಂತೆ ಕೇಳಿದ: "ಅಕ್ಕ ಹೇಳಿದ್ಲಾ? ಅವಳೇ, ನಿಮ್ಮ ಹತ್ರ?"

ಹೊರಗಿನ ಬೆನ್ನು ಅಲುಗಲಿಲ್ಲ. ನಿಜ ಹೇಳಲು 'ಇಲ್ಲ' ಎಂಬ ಒಂದೇ ಒಂದು ಪದ ಸಾಕಿತ್ತು, ಅದು ನಾಲಿಗೆಯ ಮೇಲೆಯೇ ಇತ್ತು. "ಹೂಂ," ಎಂದ ಅವನು. "ಅವಳೇ ಹೇಳಿದಳು. ಬೆಂಕಿ ಇಟ್ಟ ಹಾಗೆ ಆಗುತ್ತೆ ಅಂದಳು. ಆಮೇಲೆ ಬೇರೆ ಯಾರದೋ ಬೆರಳು ಅಂಟಿಸಿದ ಹಾಗೆ ಅಂತ. ಎಲ್ಲಾ ಹೇಳಿದಳು ನನ್ನ ಹತ್ರ."

ಅವಳಿಗೆ ಕೇಳಿಸಿತ್ತು. ತಲೆ ಒಂದಿಷ್ಟು ಓರೆಯಾಯಿತು, ಅಷ್ಟೇ. ತಿರುಗಿ ನೋಡಲಿಲ್ಲ, ಅಲ್ಲ ಅನ್ನಲಿಲ್ಲ. ಕಾಲನ್ನು ಎತ್ತಿ ಇನ್ನೊಂದು ಮೊಣಕಾಲ ಮೇಲಿಟ್ಟುಕೊಂಡು ನಾಲ್ಕನೆಯ ಬೆರಳನ್ನು ಮೆಲ್ಲಗೆ ಹಿಂಡತೊಡಗಿದಳು. ಫೋನಿನಲ್ಲಿ ಮರಿ ಏನೋ ಹೇಳುತ್ತಿದ್ದ, ಉಬ್ಬಿನ ಬಗ್ಗೆ, ನರದ ಬಗ್ಗೆ, ಭಾವ ಇಷ್ಟು ದೊಡ್ಡ ಮನಸ್ಸು ಮಾಡಿದಿರಿ ಎಂದೇನೋ. ಅವಳ ಬೆರಳಿಗೆ ರಕ್ತ ಮರಳುತ್ತಿತ್ತು. ಬಾಗಿಲ ಬಳಿಯಿಂದಲೇ ಅವನಿಗೆ ಕಂಡಿತು, ಮೇಣದ ಬಣ್ಣದ ಅಡಿಯಿಂದ ಕೆಂಪು ಚುಕ್ಕೆ ಚುಕ್ಕೆಯಾಗಿ ಏಳುತ್ತಿರುವುದು. ಅವಳು ಹಲ್ಲು ಕಚ್ಚಿ ಉಸಿರೆಳೆದುಕೊಂಡಳು.

"ನೋಯ್ತಿದೆ," ಎಂದಳು, ರಸ್ತೆಯ ಕಡೆ ಮುಖ ಮಾಡಿಕೊಂಡೇ. "ತುಂಬಾ ನೋಯ್ತಿದೆ ಕಣ್ರೀ."

"ಭಾವ," ಎಂದಿತು ಫೋನು, "ಇದೀರಾ?"